ಭಾವನ ಕಾರಿನ ಎ.ಸಿ.: ಗೇಜ್ ಹೇಳಿದ್ದೆಷ್ಟು, ತಕ್ಕಡಿ ಹೇಳಿದ್ದೆಷ್ಟು

ಕರಾವಳಿಯ ಗ್ಯಾರೇಜುಗಳಲ್ಲಿ ಏಪ್ರಿಲ್ ತಿಂಗಳ ಮಂತ್ರ ಒಂದೇ: "ಗ್ಯಾಸ್ ಕಮ್ಮಿ ಆಗಿದೆ, ಹಾಕಿಸಿಬಿಡಿ." ನೀಲಿ ಹೋಸ್ ಸಿಕ್ಕಿಸಿ, ಇಂಜಿನ್ ಓಡಿಸಿ, ಕ್ಯಾನ್ ತಿರುಗಿಸಿ, ಒತ್ತಡ ತೋರಿಸುವ ಗೇಜಿನ ಮುಳ್ಳು 40 ಪಿಎಸ್‌ಐಗೆ (ಟೈರಿನ ಗಾಳಿಗೆ ಹೇಳುವ ಅದೇ ಅಳತೆ) ಬಂದ ಕೂಡಲೇ "ಫುಲ್ ಆಯ್ತು" ಎಂದು ಬಾನೆಟ್ ಮುಚ್ಚುತ್ತಾರೆ. ಗಿರಾಕಿಗೂ ಸಮಾಧಾನ, ಏಕೆಂದರೆ ಆ ಹೊತ್ತಿಗೆ ತಂಪು ಬಂದೇ ಬರುತ್ತದೆ. ಆದರೆ ಒಳಗೆ ಎಷ್ಟು ಗ್ರಾಂ ಗ್ಯಾಸ್ ಇದೆ ಎಂಬ ಪ್ರಶ್ನೆಗೆ ಆ 40ರ ಬಳಿ ಉತ್ತರವಿಲ್ಲ. ಒತ್ತಡಕ್ಕೆ ಹೇಳಲು ಬೇರೆ ಬಹಳ ಸಂಗತಿಗಳಿವೆ. ತೂಕ ಮಾತ್ರ ಅದರ ಬಾಯಿಂದ ಹೊರಡುವುದಿಲ್ಲ. ಕಾರವಾರದ ಕೋಡಿಬಾಗದಲ್ಲಿರುವ ನನ್ನ ಭಾವನ ಕಾರಿನ ಕೆಲಸ ಮಾಡುವಾಗ ಅಂಕಿಗಳನ್ನೆಲ್ಲ ಬರೆದಿಟ್ಟುಕೊಂಡಿದ್ದೆ. ಅವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಕಾರು ಹತ್ತು ವರ್ಷ ದಾಟಿದ ಸಣ್ಣ ಹ್ಯಾಚ್‌ಬ್ಯಾಕ್. ಮನೆ ಸಮುದ್ರಕ್ಕೆ ಹತ್ತಿರ, ಶೆಡ್ಡಿಲ್ಲ, ತೆಂಗಿನ ಮರದ ನೆರಳೇ ಗತಿ. ಪ್ರತಿ ಬೇಸಿಗೆಗೆ ಗ್ಯಾಸ್ ಹಾಕಿಸುವುದು, ಮಳೆಗಾಲ ಮುಗಿಯುವಷ್ಟರಲ್ಲಿ ಫ್ಯಾನ್ ಗಾಳಿ ಮಾತ್ರ ಉಳಿಯುವುದು ಅಲ್ಲಿಯ ರೂಢಿಯಾಗಿತ್ತು. "ಎ.ಸಿ. ಇದ್ದು ಭಾವಾ, ತಂಪು ಇಲ್ಲೆ" ಎಂದು ಅವನು ಫೋನಿನಲ್ಲಿ ಹೇಳಿದಾಗ, ಈ ವರ್ಷ ಯಾರ ಹತ್ತಿರವೂ ಹಾಕಿಸಬೇಡ, ನಾನೇ ಬರುತ್ತೇನೆ ಎಂದೆ. ಸಿರ್ಸಿಯಲ್ಲಿ ನನ್ನ ಗೇಜಿಗೂ ಪಂಪಿಗೂ ಅಂಥ ಕೆಲಸವೇನಿಲ್ಲ. ಇಲ್ಲಿ ಗಾಜು ಇಳಿಸಿದರೆ ಸಾಕು. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಿದ ಮೇಲೆಯೇ ಮೈ ಅಂಟಲು ಶುರುವಾಗುವುದು, ಎ.ಸಿ.ಯ ನೆನಪಾಗುವುದು.

ತೆಗೆದುಕೊಂಡು ಹೋದದ್ದು: ಕೆಂಪು, ನೀಲಿ, ಹಳದಿ ಹೋಸ್‌ಗಳಿರುವ ಮ್ಯಾನಿಫೋಲ್ಡ್ ಗೇಜ್, ವ್ಯಾಕ್ಯೂಮ್ ಪಂಪ್, ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ತಂತಿ ತುದಿಯ ಥರ್ಮಾಮೀಟರ್, ಕನ್ನಡಕ, ಕೈಗವಸು. ಕೊನೆಯ ಎರಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಕಾರಿನ ಎ.ಸಿ. ಗ್ಯಾಸ್, ಆರ್-134ಎ, ಬಯಲಿಗೆ ಬಂದರೆ ಮೈನಸ್ 26 ಡಿಗ್ರಿಯಲ್ಲಿ ಕುದಿಯುವ ದ್ರವ. ಕಣ್ಣಿಗೆ ಒಂದು ಹನಿ ಸಿಡಿದರೂ ಸಾಕು, ಆಸ್ಪತ್ರೆಯೇ ಗತಿ.

ಬಾನೆಟ್ ಎತ್ತಿ ಮೊದಲು ನೋಡಿದ್ದು ಸ್ಟಿಕ್ಕರ್. ಮಸುಕಾಗಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಓದಲು ಬಂತು: ಎಚ್‌ಎಫ್‌ಸಿ-134ಎ, 350 ಗ್ರಾಂ. ಇಡೀ ಕೆಲಸದ ಆಧಾರ ಈ ಅಂಕಿ. ಸಣ್ಣ ಕಾರುಗಳಲ್ಲಿ ಗ್ಯಾಸ್ ಇರುವುದೇ ಇಷ್ಟು. 50 ಗ್ರಾಂ ಆಚೆ ಈಚೆ ಆದರೆ ಏಳರಲ್ಲಿ ಒಂದು ಪಾಲು ತಪ್ಪಿದಂತೆ.

ಇಂಜಿನ್ ಬಂದ್ ಇದ್ದಾಗ

ಮೊದಲ ಅಳತೆಯನ್ನು ಬೆಳಿಗ್ಗೆ, ಕಾರು ಶುರು ಮಾಡುವ ಮೊದಲೇ ತೆಗೆದುಕೊಳ್ಳಬೇಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ಕಂಡೆನ್ಸರ್ (ಗಾಡಿಯ ಮುಂಭಾಗದಲ್ಲಿ ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ), ಪೈಪು, ಒಳಗಿನ ಕೂಲಿಂಗ್ ಕಾಯಿಲ್ ಎಲ್ಲವೂ ಒಂದೇ ತಾಪದಲ್ಲಿರುತ್ತವೆ. ಹೋಸ್ ಸಿಕ್ಕಿಸುವಾಗ ಅದಲುಬದಲಾಗುವ ಭಯವಿಲ್ಲ: ಆರ್-134ಎ ಗಾಡಿಗಳಲ್ಲಿ ಲೋ ಸೈಡಿನ (ಗ್ಯಾಸ್ ಕಂಪ್ರೆಸರ್‌ಗೆ ಮರಳುವ, ಒತ್ತಡ ಕಡಿಮೆ ಇರುವ ಕಡೆ, ನೀಲಿ ಹೋಸ್) ಬಾಯಿ 13 ಮಿ.ಮೀ., ಹೈ ಸೈಡಿನದು (ಕಂಪ್ರೆಸರ್ ಒತ್ತಿ ಹೊರಬಿಡುವ ಕಡೆ, ಕೆಂಪು ಹೋಸ್) 16 ಮಿ.ಮೀ.; ಒಂದರ ಕಪ್ಲರ್ ಇನ್ನೊಂದಕ್ಕೆ ಕೂರುವುದಿಲ್ಲ.

ಕಂಡೆನ್ಸರಿಗೆ ತಾಗಿಸಿದ ಥರ್ಮಾಮೀಟರ್ 29 ಡಿಗ್ರಿ ತೋರಿಸಿತು. ಎರಡೂ ಗೇಜ್‌ಗಳು 93ರ ಹತ್ತಿರ ಸಮನಾಗಿ ನಿಂತವು. ಭಾವ ಬಗ್ಗಿ ನೋಡಿ, "ತೊಂಬತ್ತರ ಮೇಲೆ ಇದ್ದಲ ಭಾವಾ! ನಲವತ್ತು ಇದ್ರೆ ಸಾಕಲ್ದಾ?" ಎಂದ. ಅವನಿಗೆ ಗ್ಯಾರೇಜಿನ 40 ತಲೆಯಲ್ಲಿತ್ತು. ಅದು ಓಡುವಾಗ ಲೋ ಸೈಡಿನಲ್ಲಿ ಕಾಣಬೇಕಾದ ಅಂಕಿ. ನಿಂತಾಗಿನ 93 ಬೇರೆಯೇ ಕತೆ.

ಮುಚ್ಚಿದ ಜಾಗದಲ್ಲಿ ದ್ರವವೂ ಆವಿಯೂ ಒಟ್ಟಿಗಿದ್ದರೆ ಒತ್ತಡವನ್ನು ತೀರ್ಮಾನಿಸುವುದು ತಾಪ. ಆರ್-134ಎ 25 ಡಿಗ್ರಿಯಲ್ಲಿ 82 ಪಿಎಸ್‌ಐ, 30ರಲ್ಲಿ 97, 35ರಲ್ಲಿ 114, 40ರಲ್ಲಿ 133 ತೋರಿಸುತ್ತದೆ. ಒಳಗೆ 350 ಗ್ರಾಂ ಇರಲಿ, 200 ಇರಲಿ, ಒಂದು ತೊಟ್ಟು ದ್ರವ ಉಳಿದಿರುವವರೆಗೆ ಮುಳ್ಳು ಅಲ್ಲೇ ನಿಲ್ಲುತ್ತದೆ. ಅಡುಗೆಮನೆಯ 14.2 ಕೆ.ಜಿ. ಸಿಲಿಂಡರ್ ಹಾಗೆಯೇ ಅಲ್ಲವೇ? ಕೊನೆಯ ದಿನದವರೆಗೂ ಬರ್ನರ್ ಒಂದೇ ಸಮ ಉರಿಯುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ಅಕ್ಕ ಅದನ್ನು ಎತ್ತಿ ನೋಡುತ್ತಾಳೆಯೇ ಹೊರತು ಜ್ವಾಲೆಯನ್ನಲ್ಲ.

ಹಾಗಾದರೆ ಈ ಅಳತೆ ವ್ಯರ್ಥವೇ? ಅಲ್ಲ, ಎರಡು ವಿಷಯ ಗೊತ್ತಾಗುತ್ತವೆ. 30 ಡಿಗ್ರಿಯಲ್ಲಿ 60 ತೋರಿಸಿದರೆ ಒಳಗೆ ದ್ರವವೇ ಇಲ್ಲ, ಬರೀ ಆವಿ. ಗ್ಯಾಸ್ ಹೆಚ್ಚುಕಡಿಮೆ ಪೂರ್ತಿ ಹೋಗಿದೆ. 115 ತೋರಿಸಿದರೆ ಒಳಗೆ ಗಾಳಿ ಸೇರಿದೆ, ಇಲ್ಲವೇ ಯಾರೋ ಬೇರೆ ಗ್ಯಾಸ್ ಬೆರೆಸಿದ್ದಾರೆ. ನಮ್ಮದು ಪಟ್ಟಿಗೆ ಸರಿಯಾಗಿ ಕೂತಿತು. ಗ್ಯಾಸ್ ಶುದ್ಧವೇ ಇರಬೇಕು, ಸ್ವಲ್ಪವಾದರೂ ಉಳಿದಿದೆ, ಅಷ್ಟೇ.

ಓಡಿಸಿ ನೋಡಿದಾಗ

ಬಾಗಿಲು ತೆರೆದು, ಬ್ಲೋವರ್ ಪೂರ್ತಿ ಇಟ್ಟು, ಇಂಜಿನ್ ಸುಮಾರು 1,500 ಆರ್‌ಪಿಎಂನಲ್ಲಿ ಹಿಡಿದು, ಕಂಡೆನ್ಸರ್ ಎದುರಿಗೆ ಒಂದು ಪೆಡಸ್ಟಲ್ ಫ್ಯಾನ್ ಇಟ್ಟೆವು. ನಿಂತ ಕಾರಿಗೆ ಎದುರುಗಾಳಿ ಇರುವುದಿಲ್ಲ. ಆ ಫ್ಯಾನ್ ಇಲ್ಲದೆ ತೆಗೆದ ಹೈ ಸೈಡ್ ಅಂಕಿ ನಂಬಿಕೆಗೆ ಅರ್ಹವಲ್ಲ. ಅಷ್ಟೊತ್ತಿಗೆ ಹೊರಗೆ 32 ಡಿಗ್ರಿ ಆಗಿತ್ತು.

ಲೋ 18, ಹೈ 125. ಎರಡೂ ಕಡಿಮೆ. ಗ್ಯಾಸ್ ಕಡಿಮೆ ಎನ್ನಲು ಇದಿಷ್ಟೇ ಸಾಲದು. ಕಾಯಿಲ್‌ಗೆ ದ್ರವವನ್ನು ಅಳೆದು ಬಿಡುವ ಎಕ್ಸ್‌ಪಾನ್ಶನ್ ವಾಲ್ವ್‌ನಲ್ಲೋ, ತೇವ ಹೀರಿ ದ್ರವ ಶೇಖರಿಸುವ ಡ್ರೈಯರ್‌ನಲ್ಲೋ ಕಸ ಕಟ್ಟಿಕೊಂಡರೂ ಲೋ ಹೀಗೆಯೇ ಬೀಳುತ್ತದೆ. ಎರಡನ್ನೂ ಬೇರೆ ಮಾಡುವುದು ಥರ್ಮಾಮೀಟರ್. ಹೈ ಸೈಡಿನ 125 ಪಿಎಸ್‌ಐಗೆ ಆರ್-134ಎ ದ್ರವವಾಗುವ ತಾಪ 38 ಡಿಗ್ರಿ. ಕಂಡೆನ್ಸರ್‌ನಿಂದ ಹೊರಬರುವ ತೆಳು ಪೈಪಿಗೆ ತಂತಿ ಕಟ್ಟಿ, ಮೇಲೆ ಬಟ್ಟೆ ಸುತ್ತಿ ನೋಡಿದರೆ 36. ವ್ಯತ್ಯಾಸ ಎರಡೇ ಡಿಗ್ರಿ. ಎಂದರೆ ಕಂಡೆನ್ಸರ್‌ನ ಕೆಳಭಾಗದಲ್ಲಿ ದ್ರವ ನಿಂತು ಇನ್ನಷ್ಟು ತಣ್ಣಗಾಗುವಷ್ಟು ಗ್ಯಾಸೇ ಇಲ್ಲ. ಪೈಪಿನಲ್ಲಿ ಗುಳ್ಳೆ ಬೆರೆತು ಹೋಗುತ್ತಿದೆ. ದಾರಿ ಕಟ್ಟಿದ್ದರೆ ದ್ರವ ಹಿಂದೆ ನಿಂತು, ಇದೇ ಪೈಪು ಹತ್ತು ಹದಿನೈದು ಡಿಗ್ರಿ ಕೆಳಗಿರುತ್ತಿತ್ತು.

ಲೋ ಸೈಡೂ ಅದಕ್ಕೇ ಸಾಕ್ಷಿ ಹೇಳಿತು. 18 ಪಿಎಸ್‌ಐ ಎಂದರೆ ಕಾಯಿಲ್ ಒಳಗೆ ಗ್ಯಾಸ್ ಮೈನಸ್ 7 ಡಿಗ್ರಿಯಲ್ಲಿ ಕುದಿಯುತ್ತಿದೆ. ಅಷ್ಟು ಚಳಿ ಇದ್ದರೂ ತಂಪಿಲ್ಲ ಏಕೆಂದರೆ, ಕಾಯಿಲ್‌ನ ಬಾಯಿಯ ಹತ್ತಿರ ಸ್ವಲ್ಪ ಜಾಗದಲ್ಲೇ ದ್ರವ ಮುಗಿದು ಹೋಗುತ್ತದೆ, ಉಳಿದ ಕಾಯಿಲ್ ಖಾಲಿ. ಕಂಪ್ರೆಸರ್‌ಗೆ ಮರಳುವ ದಪ್ಪ ಪೈಪು ಬೆವರಿರಲಿಲ್ಲ. ಕಾರವಾರದ ಹವೆಯಲ್ಲಿ ಆ ಪೈಪು ಬೆವರದಿದ್ದರೆ ಬೇರೆ ಪುರಾವೆಯೇ ಬೇಡ.

ಗ್ಯಾರೇಜಿನವರ 40 ಎಲ್ಲಿಂದ ಬಂತು ಎಂಬುದೂ ಇಲ್ಲೇ ತಿಳಿಯುತ್ತದೆ. 28 ಪಿಎಸ್‌ಐನಲ್ಲಿ ಆರ್-134ಎ ಸೊನ್ನೆ ಡಿಗ್ರಿಗೆ ಕುದಿಯುತ್ತದೆ. ಅದಕ್ಕಿಂತ ಕೆಳಗಿಳಿದರೆ ಗಾಳಿಯ ತೇವ ಕಾಯಿಲ್ ಮೇಲೆ ಮಂಜಾಗಿ ಕಟ್ಟುತ್ತದೆ. 37ರಿಂದ 40 ಎಂದರೆ ಐದಾರರಿಂದ ಏಳು ಡಿಗ್ರಿ. ಮಂಜು ಕಟ್ಟದೆ ಎಷ್ಟು ತಂಪು ಸಿಗಬಹುದೋ ಅಷ್ಟು. ಅಂಕಿ ಒಳ್ಳೆಯದೇ. ಅದನ್ನು ಲೀಟರ್ ಅಳೆಯುವ ಪಾತ್ರೆಯಂತೆ ಬಳಸುವುದಷ್ಟೇ ತಕರಾರು.

ಒಳಗಿದ್ದದ್ದು ಎಷ್ಟು

ಈ ಹಂತದಲ್ಲಿ ಇನ್ನೊಂದಿಷ್ಟು ಸುರಿದು ಮುಗಿಸಬಹುದಿತ್ತು. ಎಲ್ಲರೂ ಮಾಡುವುದು ಅದನ್ನೇ. ಆದರೆ ಇರುವುದೆಷ್ಟು ಗೊತ್ತಿಲ್ಲದೆ ಹಾಕಬೇಕಾದ್ದು ಎಷ್ಟೆಂದು ಹೇಗೆ ಲೆಕ್ಕ ಹಾಕುವುದು? ಹಾಗಾಗಿ ಪೂರ್ತಿ ತೆಗೆದು, ತೂಗಿ, ಮತ್ತೆ ತುಂಬುವುದೊಂದೇ ದಾರಿ. ಕಾರವಾರದಲ್ಲೇ ಒಬ್ಬ ಮೆಕ್ಯಾನಿಕ್ ಗೆಳೆಯನ ಹತ್ತಿರ ಗ್ಯಾಸನ್ನು ಬಯಲಿಗೆ ಬಿಡದೆ ಎಳೆದು ತೂಗುವ ರಿಕವರಿ ಮೆಷಿನ್ ಇದೆ. ಗಾಡಿಯನ್ನು ಅವನಲ್ಲಿಗೆ ಒಯ್ದೆವು.

ಬಯಲಿಗೆ ಬಿಡುವವರಿದ್ದಾರೆ, ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಭೂಮಿ ಬಿಸಿ ಮಾಡುವುದರಲ್ಲಿ ಈ ಗ್ಯಾಸ್ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಮೀರಿದ್ದು. ಇದರ ಬಳಕೆ ತಗ್ಗಿಸಲೆಂದೇ 2016ರಲ್ಲಿ ಕಿಗಾಲಿ ತಿದ್ದುಪಡಿ ಆದದ್ದು, 2021ರಲ್ಲಿ ಭಾರತವೂ ಅದನ್ನು ಒಪ್ಪಿದ್ದು. ಒಂದು ಸಣ್ಣ ಕಾರಿನ ಅರ್ಧ ಗ್ಯಾಸೇ ಕಾಲು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ.

ಮೆಷಿನ್ ತೆಗೆದು ತೂಗಿದ್ದು 190 ಗ್ರಾಂ. ಬೆಳಿಗ್ಗೆ 93 ಪಿಎಸ್‌ಐ ತೋರಿಸಿ "ಎಲ್ಲ ಸರಿ" ಎಂಬಂತೆ ನಿಂತಿದ್ದ ಗಾಡಿಯಲ್ಲಿ ಇದ್ದದ್ದು ಅರ್ಧಕ್ಕಿಂತ ಚೂರು ಹೆಚ್ಚು. ಭಾವ ಸುಮ್ಮನೆ ಸ್ಟಿಕ್ಕರನ್ನೂ ಮೆಷಿನ್ನಿನ ಪರದೆಯನ್ನೂ ಮತ್ತೆ ಮತ್ತೆ ನೋಡಿದ.

ಸೋರಿದ್ದು ಎಲ್ಲಿ

ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಹೊರಗೆ ಹೋಗಿದೆ. ರಬ್ಬರ್ ಹೋಸ್‌ಗಳ ಮೂಲಕ ವರ್ಷಕ್ಕೆ ಒಂದಿಷ್ಟು ಹಾಯುವುದು ಸಹಜ. ವರ್ಷವೂ ತುಂಬಿಸಬೇಕಾಗುವುದು ಸಹಜವಲ್ಲ.

ಗ್ಯಾಸ್ ಹೋಗುವಾಗ ಕಂಪ್ರೆಸರಿನ ಎಣ್ಣೆಯನ್ನೂ ಸ್ವಲ್ಪ ಹೊತ್ತುಕೊಂಡು ಹೋಗುತ್ತದೆ. ಆದ್ದರಿಂದ ಸೋರುವ ಜಾಗದಲ್ಲಿ ಧೂಳು ಅಂಟಿದ ಜಿಡ್ಡು ಕಾಣಬೇಕು. ಕಂಡೆನ್ಸರಿನ ಪಕ್ಕ, ಪೈಪು ಬಂದು ಕೂರುವ ಅಲ್ಯೂಮಿನಿಯಂ ಬ್ಲಾಕ್ ಸುತ್ತ ಅಂಥ ಕಪ್ಪು ಕಲೆ ಇತ್ತು. ನೋಡಿದ್ದೇ ತಡ ಗೆಳೆಯ ನಕ್ಕ: "ಭಟ್ರೇ, ಇಲ್ಲಿಯ ಗಾಡಿಗಳಲ್ಲಿ ನಾನು ಮೊದಲು ಕೈ ಹಾಕೋದೇ ಅಲ್ಲಿ."

ಕಲೆ ಕಂಡದ್ದೇ ತೀರ್ಪಲ್ಲ, ಪರೀಕ್ಷೆ ಬೇಕು. ಖಾಲಿ ಸಿಸ್ಟಮ್‌ಗೆ ರೆಗ್ಯುಲೇಟರ್ ಮೂಲಕ ಒಣ ನೈಟ್ರೋಜನ್ ಬಿಟ್ಟು 150 ಪಿಎಸ್‌ಐಗೆ ನಿಲ್ಲಿಸಿದೆವು. ಇದರ ಬದಲು ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಸಿಕ್ಕಿಸುವವರನ್ನು ಕಂಡಿದ್ದೇನೆ. ಆ ಗಾಳಿಯ ತುಂಬ ನೀರು. ಅದೂ ಸಾಲದೆಂಬಂತೆ, ಒತ್ತಡದಲ್ಲಿ ಗಾಳಿಯ ಜೊತೆ ಸೇರಿದ ಆರ್-134ಎ ಹೊತ್ತಿಕೊಳ್ಳಬಲ್ಲದು. ಅರ್ಧ ಗಂಟೆಯಲ್ಲಿ 150 ಇದ್ದದ್ದು 141ಕ್ಕೆ ಇಳಿಯಿತು. ಸೋಪಿನ ನೀರು ಹಚ್ಚಿದಾಗ ಬ್ಲಾಕ್‌ನ ಕೆಳ ಅಂಚಿನಲ್ಲಿ ಸಣ್ಣ ನೊರೆ, ನಿಧಾನವಾಗಿ ಹಿಗ್ಗುತ್ತಾ. ಲೋ ಸೈಡ್ ಬಾಯಿಯ, ಟೈರಿನ ವಾಲ್ವ್‌ನಲ್ಲಿರುವಂಥ ಪಿನ್‌ನಲ್ಲೂ ಒಂದು ಗುಳ್ಳೆ ಎದ್ದಿತು. ಅದರ ಪ್ಲಾಸ್ಟಿಕ್ ಕ್ಯಾಪ್ ಎಂದೋ ಕಳೆದುಹೋಗಿತ್ತು. ಧೂಳು ತಡೆಯಲು ಮಾತ್ರ ಆ ಕ್ಯಾಪ್ ಎಂದು ಜನ ತಿಳಿದಿದ್ದಾರೆ, ಒಳಗೆ ಒಂದು ಓ-ರಿಂಗ್ (ಸೋರದಂತೆ ಹಿಡಿಯುವ ರಬ್ಬರ್ ಬಳೆ) ಇರುತ್ತದೆ. ಪಿನ್ ಸ್ವಲ್ಪ ಸೋರಿದರೂ ಹಿಡಿದಿಡುವುದು ಅದೇ.

ಬ್ಲಾಕ್ ಬಿಚ್ಚುವುದು ಆ ದಿನದ ಅತಿ ನಿಧಾನದ ಕೆಲಸವಾಯಿತು. ಅಲ್ಯೂಮಿನಿಯಂನಲ್ಲಿ ಉಕ್ಕಿನ ಬೋಲ್ಟು, ನಡುವೆ ಉಪ್ಪು ನೀರು: ಎರಡು ಬೇರೆ ಲೋಹಗಳ ನಡುವೆ ಉಪ್ಪು ಬಂದು ಕೂತರೆ ಸಣ್ಣ ಬ್ಯಾಟರಿಯಂತೆ ವಿದ್ಯುತ್ ಹರಿಯುತ್ತದೆ, ಸವೆಯುವುದು ಅಲ್ಯೂಮಿನಿಯಂ. ಬೋಲ್ಟಿನ ಸುತ್ತ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಜೋರು ಮಾಡಿದರೆ ತಲೆ ಮುರಿದು, ಕಂಡೆನ್ಸರನ್ನೇ ಬದಲಿಸಬೇಕಾದೀತು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಊಟಕ್ಕೆ ಹೋದೆವು. ಅಕ್ಕ ಮಾಡಿದ ಅಪ್ಪೆಹುಳಿ ಕುಡಿದು ಬಂದು, 10 ನಂಬರ್ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಬಿಚ್ಚುವುದು, ಅಷ್ಟೇ ಬಿಗಿಯುವುದು, ಮತ್ತೆ ಎಣ್ಣೆ. ಕೊನೆಗೆ ಕಿರ್ ಎನ್ನುತ್ತ ಬಂತು. ಗ್ಯಾಸ್ ಬತ್ತಿ ಹಚ್ಚಿ ಕಾಯಿಸೋಣ ಎಂದು ಪಕ್ಕದವನೊಬ್ಬ ಸಲಹೆ ಕೊಟ್ಟಿದ್ದ. ಆರ್-134ಎ ಉಳಿದಿರುವ ಜಾಗದ ಹತ್ತಿರ ಬೆಂಕಿ ಬೇಡವೇ ಬೇಡ. ಬಿಸಿಗೆ ಒಡೆದರೆ ಹುಟ್ಟುವುದು ಹೈಡ್ರೋಜನ್ ಫ್ಲೋರೈಡ್, ಶ್ವಾಸಕೋಶಕ್ಕೆ ವಿಷ.

ಒಳಗಿನ ಓ-ರಿಂಗ್ ಚಪ್ಪಟೆಯಾಗಿ, ಉಗುರಿನಿಂದ ಒತ್ತಿದರೆ ಮರಳಿ ಏಳದಷ್ಟು ಗಡುಸಾಗಿತ್ತು. ಅದು ಕೂರುವ ಮೇಲ್ಮೈ ಮಾತ್ರ ನಯವಾಗಿಯೇ ಇತ್ತು, ಅದೇ ಪುಣ್ಯ. ಹೊರ ಅಂಚಿನ ಬಿಳಿ ಪುಡಿಯನ್ನು ನೈಲಾನ್ ಬ್ರಷ್‌ನಿಂದ ತೆಗೆದು, ಎ.ಸಿ.ಗೆಂದೇ ಬರುವ ಹಸಿರು ಓ-ರಿಂಗಿಗೆ ಕಂಪ್ರೆಸರಿಗೆ ಹಾಕುವ ಪಿಎಜಿ ಎಣ್ಣೆ ಸವರಿ ಕೂರಿಸಿದೆ. ಬೋಲ್ಟು ಹೊಸದು, ಬಿಗಿ 9 ನ್ಯೂಟನ್ ಮೀಟರ್. ಲೋ ಸೈಡಿಗೆ ಹೊಸ ಪಿನ್, ಎರಡಕ್ಕೂ ಹೊಸ ಕ್ಯಾಪ್. ಮತ್ತೆ ನೈಟ್ರೋಜನ್ 150. ಈ ಸಲ ಒಂದು ಗಂಟೆ ಕಾದರೂ ಮುಳ್ಳು ಕದಲಲಿಲ್ಲ.

ಮೆಷಿನ್ ಗ್ಯಾಸ್ ಜೊತೆ ಎಳೆದುಕೊಂಡ ಎಣ್ಣೆಯನ್ನು ಅಳೆದು, ಸೋರಿದ್ದಕ್ಕೆಂದು ಸ್ವಲ್ಪ ಸೇರಿಸಿ, ಅಷ್ಟನ್ನು ವಾಪಸ್ ಹಾಕಿದೆ. ಕಂಪ್ರೆಸರಿನ ಲೇಬಲ್‌ನಲ್ಲಿ ಪಿಎಜಿ-46 ಎಂದಿತ್ತು, ಅದನ್ನೇ. ಈ ಎಣ್ಣೆಗೆ ತೇವ ಹೀರುವ ಚಟ. ಕರಾವಳಿಯಲ್ಲಿ ಬಾಟಲಿ ಮುಚ್ಚಳ ತೆಗೆದಿಟ್ಟು ಚಹಾ ಕುಡಿಯಲು ಹೋಗುವಂತಿಲ್ಲ.

ವ್ಯಾಕ್ಯೂಮ್: ಸಿರ್ಸಿಯ 28, ಕಾರವಾರದ 30

ವ್ಯಾಕ್ಯೂಮ್ ಎಳೆಯುವುದು ಗಾಳಿಗಿಂತ ಹೆಚ್ಚಾಗಿ ನೀರಿಗಾಗಿ. ಒಳಗಿನ ತೇವ ಉಳಿದರೆ ಎಕ್ಸ್‌ಪಾನ್ಶನ್ ವಾಲ್ವ್‌ನ ಸಣ್ಣ ತೂತಿನಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅರ್ಧ ಗಂಟೆ ತಂಪು, ಆಮೇಲೆ ಇಲ್ಲ, ಬಂದ್ ಮಾಡಿ ಇಟ್ಟರೆ ಮತ್ತೆ ಸರಿ ಎನ್ನುವ ಗಾಡಿಗಳದ್ದು ಬಹುಪಾಲು ಇದೇ ಕಾಯಿಲೆ. ನೀರನ್ನು ದ್ರವವಾಗಿ ಎಳೆಯಲು ಪಂಪ್‌ಗೆ ಬಾರದು, ಅಲ್ಲೇ ಕುದಿಸಿ ಆವಿ ಮಾಡಬೇಕು. 30 ಡಿಗ್ರಿಯಲ್ಲಿ ನೀರು ಕುದಿಯಬೇಕಾದರೆ ಒಳಗಿನ ಒತ್ತಡ 32 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿಯಬೇಕು. ನೀಲಿ ಗೇಜ್‌ನಲ್ಲಿ ಅದು 29 ಇಂಚಿನ ಹತ್ತಿರ.

ಸಿರ್ಸಿಯಲ್ಲಿ ನನ್ನ ಪಂಪ್ ಎಷ್ಟೇ ಓಡಿದರೂ ಮುಳ್ಳು 28 ದಾಟದು. ಪಂಪ್ ಹಾಳಾಗಿದೆ ಎಂದು ನೋಡಿದವರು ಹೇಳುತ್ತಾರೆ. ಆದರೆ ಸಿರ್ಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಅಲ್ಲಿಯ ವಾತಾವರಣದ ಒತ್ತಡವೇ 28 ಇಂಚಿನ ಆಸುಪಾಸು. ಗೇಜ್ ಅಳೆಯುವುದು ಹೊರಗಿನ ಗಾಳಿಗಿಂತ ಎಷ್ಟು ಕೆಳಗೆ ಎಂಬುದನ್ನು, ಹಾಗಾಗಿ ಅದಕ್ಕಿಂತ ಹೆಚ್ಚು ತೋರಿಸಲು ಜಾಗವೇ ಇಲ್ಲ. ಅದೇ ಪಂಪ್, ಅದೇ ಗೇಜ್ ಕೋಡಿಬಾಗದಲ್ಲಿ 30ಕ್ಕೆ ಹತ್ತಿರ ಹೋಗಿ ಕೂತಿತು. ಘಟ್ಟದ ಮೇಲಿನವರು ಕರಾವಳಿಯ ವಿಡಿಯೋ ನೋಡಿ ಹೊಸ ಪಂಪ್ ಕೊಳ್ಳುವ ಮುನ್ನ ಇದನ್ನು ಗಮನಿಸಬೇಕು. ತುಂಬಿದ ಗ್ಯಾಸಿನ ಅಂಕಿಗಳಲ್ಲಿ ಈ ಎತ್ತರದಿಂದ ಆಗುವ ವ್ಯತ್ಯಾಸ ಒಂದು ಪಿಎಸ್‌ಐ, ಅದು ಲೆಕ್ಕಕ್ಕಿಲ್ಲ.

ಮುಕ್ಕಾಲು ಗಂಟೆ ಎಳೆದು, ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ ಅರ್ಧ ಗಂಟೆ ನೋಡಿದೆ. ನಿಂತಿತು. ಇದನ್ನೇ ಸೋರಿಕೆ ಪರೀಕ್ಷೆ ಎಂದು ನಂಬುವವರು ಬಹಳ. ವ್ಯಾಕ್ಯೂಮ್‌ನಲ್ಲಿ ಹೊರಗೂ ಒಳಗೂ ಇರುವ ವ್ಯತ್ಯಾಸ 15 ಪಿಎಸ್‌ಐ ಕೂಡ ಅಲ್ಲ, ಅದೂ ಒಳಮುಖವಾಗಿ. 200 ಪಿಎಸ್‌ಐಗೆ ಸೋರುವ ಓ-ರಿಂಗ್ ವ್ಯಾಕ್ಯೂಮ್‌ನಲ್ಲಿ ಗಪ್‌ಚುಪ್ ಕೂತಿರಬಹುದು. ನೈಟ್ರೋಜನ್ ಮೊದಲು ಹಾಕಿದ್ದು ಅದಕ್ಕೇ.

ತೂಗಿ ತುಂಬಿದ್ದು

450 ಗ್ರಾಂನ ಹೊಸ ಕ್ಯಾನ್. ಸಿಸ್ಟಮ್‌ಗೆ ಬಿಡುವ ಮೊದಲು ಕ್ಯಾನ್‌ನದ್ದೇ ಒತ್ತಡ ನೋಡಿದೆ: 30 ಡಿಗ್ರಿ ನೆರಳಿನಲ್ಲಿ 97. ಒಳಗೆ ಹಳೆಯ ಮನೆ ಎ.ಸಿ.ಗಳ ಆರ್-22 ಗ್ಯಾಸ್ ತುಂಬಿದ್ದರೆ 158ರ ಸುತ್ತ ಬರುತ್ತಿತ್ತು. ಹೊಂದಿದ ಮಾತ್ರಕ್ಕೆ ಶುದ್ಧ ಎನ್ನಲಾಗದು, ಹೊಂದದಿದ್ದರೆ ಮಾತ್ರ ಖಂಡಿತ ಬೇಡ. ಕಳಪೆ ಗ್ಯಾಸಿನ ಮಾತು ಬರೀ ತಂಪಿನದ್ದಲ್ಲ. 2011ರಲ್ಲಿ ಹಡಗಿನ ಶೀತಲ ಕಂಟೇನರ್‌ಗಳು ಸ್ಫೋಟಿಸಿ ಜನ ಸತ್ತದ್ದು ಆರ್-134ಎ ಹೆಸರಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆಸಿದ್ದರಿಂದ. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ಸೋಕಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತುವನ್ನು ಹುಟ್ಟಿಸುತ್ತದೆ. ಕಾರಿನ ಎ.ಸಿ.ಯಲ್ಲಿ ಅಲ್ಯೂಮಿನಿಯಂ ಬಿಟ್ಟು ಮತ್ತೇನಿದೆ?

ಕ್ಯಾನ್‌ಗೆ ಸಿಕ್ಕಿಸಿದ ಹಳದಿ ಹೋಸ್‌ನ ಗಾಳಿಯನ್ನು ಒಂದು ಕ್ಷಣ ಸಡಿಲಿಸಿ ಹೊರಗೆ ಬಿಟ್ಟು, ಆಮೇಲೆ ತಕ್ಕಡಿಯನ್ನು ಸೊನ್ನೆಗೆ ತಂದೆ. ಕ್ರಮ ಹಿಂದುಮುಂದಾದರೆ ಹೊರಗೆ ಹೋದ ಗ್ಯಾಸೂ ಕಾರಿನ ಲೆಕ್ಕಕ್ಕೆ ಬೀಳುತ್ತದೆ. ಇಂಜಿನ್ ಬಂದ್ ಇಟ್ಟು, ಕ್ಯಾನ್ ತಲೆಕೆಳಗೆ ಮಾಡಿ, ಕೆಂಪು ವಾಲ್ವ್‌ನಿಂದ ದ್ರವವನ್ನೇ ಬಿಟ್ಟೆ. ವ್ಯಾಕ್ಯೂಮ್ ಎಳೆದುಕೊಂಡು 150 ಗ್ರಾಂ ಸರಾಗ ಹೋಯಿತು. ಕೆಂಪು ವಾಲ್ವ್ ಬಿಗಿಯಾಗಿ ಮುಚ್ಚಿ, ಒಂದಲ್ಲ ಎರಡು ಬಾರಿ ನೋಡಿ, ಕ್ಯಾನ್ ನೆಟ್ಟಗೆ ನಿಲ್ಲಿಸಿದ ಮೇಲೆಯೇ ಇಂಜಿನ್. ಓಡುವಾಗ ಕೆಂಪು ವಾಲ್ವ್ ತೆರೆದರೆ ಕಂಪ್ರೆಸರಿನ 200 ಪಿಎಸ್‌ಐ ನೇರ ಕೈಯಲ್ಲಿರುವ ಕ್ಯಾನ್‌ಗೆ ಬರುತ್ತದೆ. ತೆಳು ತಗಡಿನ ಕ್ಯಾನ್ ಸಿಡಿಯುತ್ತದೆ.

ಇನ್ನು ನೀಲಿ ಕಡೆಯಿಂದ ಆವಿಯಾಗಿ. ಆವಿ ಹೋಗುತ್ತಿದ್ದಂತೆ ಕ್ಯಾನ್ ತಣ್ಣಗಾಗಿ ಒತ್ತಡ ಬೀಳುತ್ತದೆ, ಎಳೆಯುವುದು ನಿಧಾನವಾಗುತ್ತದೆ. ಉಗುರು ಬೆಚ್ಚಗಿನ ನೀರಿನ ತಂಬಿಗೆಯಲ್ಲಿ ಸ್ವಲ್ಪ ಹೊತ್ತು ಇಡಬಹುದು, 40 ಡಿಗ್ರಿಯ ಒಳಗೆ. ತಕ್ಕಡಿಗೆ ಮರಳಿಸುವಾಗ ಒರೆಸಬೇಕು, ಅಂಟಿದ ನೀರೂ ತೂಗುತ್ತದೆ.

ಈಗ ಅಂಕಿಗಳು. ಹೊರಗೆ 32 ಡಿಗ್ರಿ, ಫ್ಯಾನ್ ಎದುರಿಗೆ, 1,500 ಆರ್‌ಪಿಎಂ, ಪ್ರತಿ ಹಂತದಲ್ಲಿ ಮುಳ್ಳು ನೆಲೆಗೊಳ್ಳುವವರೆಗೆ ಕಾದು ಬರೆದದ್ದು:

200 ಗ್ರಾಂ: ಲೋ 20, ಹೈ 132.
250 ಗ್ರಾಂ: ಲೋ 30, ಹೈ 176.
300 ಗ್ರಾಂ: ಲೋ 36, ಹೈ 205.
350 ಗ್ರಾಂ: ಲೋ 37, ಹೈ 212.

ಕೊನೆಯ ಎರಡು ಸಾಲು ನೋಡಿ. 200ರಿಂದ 300ಕ್ಕೆ ಹೋಗುವಾಗ ಹೈ ಸೈಡ್ 73 ಏರಿತು. 300ರಿಂದ 350ಕ್ಕೆ ಏರಿದ್ದು ಏಳೇ ಏಳು. ಲೋ ಸೈಡ್‌ನಲ್ಲಿ ಬರೀ ಒಂದು. ಮೋಡ ಸರಿದು ಬಿಸಿಲು ಬಂದರೆ ಇಷ್ಟು ಬದಲಾಗುತ್ತದೆ. ಎಕ್ಸ್‌ಪಾನ್ಶನ್ ವಾಲ್ವ್ ಇರುವ ಗಾಡಿಯಲ್ಲಿ ಹೀಗಾಗಲೇಬೇಕು: ಕಾಯಿಲ್‌ಗೆ ಬೇಕಾದಷ್ಟು ಸಿಗತೊಡಗಿದ ಮೇಲೆ ವಾಲ್ವ್ ತಾನೇ ಕಿರಿದಾಗುತ್ತದೆ, ಹೆಚ್ಚಿನ ದ್ರವ ಕಂಡೆನ್ಸರ್ ಪಕ್ಕದ ಡ್ರೈಯರ್‌ನಲ್ಲಿ ಶೇಖರವಾಗುತ್ತದೆ. ಎಂಜಿನಿಯರ್‌ಗಳು ಬೇಕೆಂದೇ ಇಟ್ಟ ಈ ಸಮತಟ್ಟು ಜಾಗದಲ್ಲಿ ಮುಳ್ಳು ನೋಡಿ ತುಂಬುವವನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೇ ಇಲ್ಲ. 300ರಲ್ಲಿ ನಿಲ್ಲಿಸಿದವನು ಮುಂದಿನ ವರ್ಷಕ್ಕಿರಬೇಕಾದ ದಾಸ್ತಾನನ್ನೇ ಹಾಕಿರುವುದಿಲ್ಲ. 40 ಬರಲೆಂದು ಕಾದು ಕೂತವನು 400, 450 ಸುರಿದಿರುತ್ತಾನೆ.

ತೆಳು ಪೈಪಿನ ತಾಪ ಈಗ 50. 212 ಪಿಎಸ್‌ಐಗೆ ಸಲ್ಲುವ 57ಕ್ಕಿಂತ ಏಳು ಡಿಗ್ರಿ ಕೆಳಗೆ. ಬೆಳಗಿನ ಎರಡಕ್ಕೆ ಹೋಲಿಸಿದರೆ ಇದು ಆರೋಗ್ಯದ ಗುರುತು. ಮೆಕ್ಯಾನಿಕ್‌ಗಳ ಬಾಯಿಲೆಕ್ಕವೂ ಹೊಂದುತ್ತದೆ: ಹೊರಗಿನ ತಾಪವನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿ 2.2ರಿಂದ 2.5ರವರೆಗೆ ಗುಣಿಸಿದರೆ ಹೈ ಸೈಡ್. 32 ಡಿಗ್ರಿ ಎಂದರೆ 90 ಫ್ಯಾರನ್‌ಹೀಟ್, 198ರಿಂದ 225.

ತಕ್ಕಡಿಯ ಅಂಕಿಯಲ್ಲಿ ಒಂದು ಸುಳ್ಳು ಅಡಗಿದೆ, ಹೋಸ್‌ಗಳದ್ದು. ಒಂದೂವರೆ ಮೀಟರ್ ಹೋಸ್‌ನಲ್ಲಿ ದ್ರವ ತುಂಬಿ ನಿಂತಿದ್ದರೆ ಅದೇ 30 ಗ್ರಾಂ ಮೀರುತ್ತದೆ. ಹಾಗಾಗಿ ಕ್ಯಾನ್ ಬಾಯಿ ಮುಚ್ಚಿ, ಕೆಂಪು ಕಪ್ಲರನ್ನು ಕಾರಿನ ಕಡೆ ಮುಚ್ಚಿ, ಆಮೇಲೆ ಎರಡೂ ವಾಲ್ವ್ ನಿಧಾನ ತೆರೆದೆ; ಓಡುತ್ತಿರುವ ಕಂಪ್ರೆಸರ್ ನೀಲಿ ದಾರಿಯಿಂದ ಹೋಸ್‌ನಲ್ಲಿದ್ದದ್ದನ್ನೆಲ್ಲ ಕಾರಿಗೇ ಎಳೆದುಕೊಂಡಿತು.

ಭಾವ ಕ್ಯಾನ್ ಅಲ್ಲಾಡಿಸಿ, "ಇನ್ನೂ ಇದ್ದಲ ಭಾವಾ, ಅದ್ನೂ ಹಾಕ್ಬಿಡು, ಎಂತಕ್ಕೆ ಉಳಸ್ತೆ?" ಎಂದ. ಸಹಜವಾದ ಆಸೆಯೇ. ಆದರೆ ಹೆಚ್ಚಾದ ದ್ರವ ಡ್ರೈಯರ್ ತುಂಬಿ ಕಂಡೆನ್ಸರ್ ಒಳಗೇ ನಿಲ್ಲತೊಡಗುತ್ತದೆ, ಆವಿ ತಣಿಯಲು ಜಾಗ ಕಡಿಮೆಯಾಗುತ್ತದೆ, ಹೈ ಸೈಡ್ 280, 300 ಎಂದು ಏರುತ್ತದೆ. ಮೇ ತಿಂಗಳ ಮಧ್ಯಾಹ್ನ ಗಾಡಿ ನಿಂತಲ್ಲೇ ನಿಂತರೆ ಇನ್ನೂ ಮೇಲೆ; 450ರ ಸುಮಾರಿಗೆ ಪ್ರೆಶರ್ ಸ್ವಿಚ್ ಕಂಪ್ರೆಸರನ್ನೇ ನಿಲ್ಲಿಸುತ್ತದೆ. ಆಗ ಮಾಲೀಕ ಮತ್ತೆ ಗ್ಯಾರೇಜಿಗೆ ಹೋಗುತ್ತಾನೆ, ಅಲ್ಲಿ ಮತ್ತೆ ಅದೇ ಮಂತ್ರ.

ಒತ್ತಡ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ

ತೂಕ ಸರಿಯಾಗಿ ಹಾಕಿದ ಮೇಲೆ ಗೇಜ್‌ಗಳಿಗೆ ಬೆಲೆ ಬರುತ್ತದೆ. ಗ್ಯಾಸ್ ಎಷ್ಟಿದೆ ಎಂಬ ಅನುಮಾನ ಕಳೆದಿರುವುದರಿಂದ ಮುಳ್ಳು ತೋರಿಸುವ ಪ್ರತಿ ತೊಡಕೂ ಯಂತ್ರದ್ದೇ. ಲೋ ಹೆಚ್ಚು, ಹೈ ಕಡಿಮೆ ಇದ್ದರೆ ಕಂಪ್ರೆಸರ್ ಸೋತಿದೆ. ಎರಡೂ ಹೆಚ್ಚಿದ್ದರೆ ಕಂಡೆನ್ಸರ್ ಫ್ಯಾನ್ ಕಡೆ ನೋಡಬೇಕು, ಇಲ್ಲವೇ ಒಳಗೆ ಗಾಳಿ ಉಳಿದಿದೆ. ಹೈ ಸರಿಯಾಗಿದ್ದು ಲೋ ವ್ಯಾಕ್ಯೂಮ್ ಕಡೆಗೆ ಜಾರಿದರೆ ದಾರಿ ಕಟ್ಟಿದೆ.

ನನಗೆ ಅನುಮಾನವಿದ್ದದ್ದು ಕಂಡೆನ್ಸರ್ ಮೇಲೆ. 212 ಲೆಕ್ಕದೊಳಗೇ ಇದ್ದರೂ, ಪೆಡಸ್ಟಲ್ ಫ್ಯಾನ್ ತೆಗೆದ ಕೂಡಲೇ 260 ಮುಟ್ಟಿತು. ಒಂದು ಚೊಂಬು ನೀರನ್ನು ಮೇಲಿಂದ ಇಳಿಬಿಟ್ಟಾಗ 170ಕ್ಕೆ ಬಂತು. ಇಷ್ಟು ಜಿಗಿದಾಡುತ್ತದೆ ಎಂದರೆ ಗಾಳಿ ಸಾಕಷ್ಟು ಹಾಯುತ್ತಿಲ್ಲ. ಬಂಪರ್ ಸಡಿಲಿಸಿ ನೋಡಿದರೆ ರೆಕ್ಕೆಗಳ ನಡುವೆ ಮರಳು, ಉಪ್ಪು, ಹುಳುಗಳು ಸೇರಿ ಹೆಪ್ಪಾಗಿವೆ. ಪ್ರೆಶರ್ ವಾಷರ್ ಹಿಡಿದರೆ ಮೆತ್ತನೆಯ ರೆಕ್ಕೆಗಳು ಮಡಚಿಹೋಗುತ್ತವೆ. ತೋಟದ ಪೈಪಿನ ಸಿಹಿನೀರನ್ನು ಹಿಂದಿನಿಂದ ಮುಂದಕ್ಕೆ, ನೀರು ತಿಳಿಯಾಗುವವರೆಗೆ ಬಿಟ್ಟೆವು. ಆಮೇಲೆ ಪೆಡಸ್ಟಲ್ ಫ್ಯಾನ್ ಇಲ್ಲದೆ 225.

ಒಳಗಿನ ಗಾಳಿ ನಡು ವೆಂಟ್‌ನಲ್ಲಿ 9 ಡಿಗ್ರಿ, ಐಡಲ್‌ನಲ್ಲಿ 12. ಹುಬ್ಬಳ್ಳಿಯ ಒಣ ಬಿಸಿಲಿನಲ್ಲಿ ಇದೇ ಗಾಡಿ ಇನ್ನೆರಡು ಡಿಗ್ರಿ ಕೆಳಗೆ ಹೋಗಬಹುದು. ಇಲ್ಲಿ ಕಾಯಿಲ್‌ನ ಶಕ್ತಿಯ ದೊಡ್ಡ ಪಾಲು ಗಾಳಿಯ ತೇವವನ್ನು ನೀರು ಮಾಡುವುದಕ್ಕೇ ಖರ್ಚಾಗುತ್ತದೆ. ಗಾಡಿಯ ಕೆಳಗೆ ಸುರಿಯುತ್ತಿದ್ದ ನೀರು ನೋಡಿದರೆ ಸಾಕಿತ್ತು. ಒಣ ಊರಿನ ಅಂಕಿ ಹಿಡಿದುಕೊಂಡು ಕರಾವಳಿಯ ಗಾಡಿಗೆ ಇನ್ನಷ್ಟು ಗ್ಯಾಸ್ ಹಾಕುವುದು ಬೇಡ.

ಬಂದ್ ಮಾಡಿ, ಹೈ ಸೈಡ್ ಇಳಿಯಲು ಕೆಲವು ನಿಮಿಷ ಬಿಟ್ಟು, ಕಪ್ಲರ್ ತೆಗೆದು, ಕ್ಯಾಪ್ ಹಾಕಿದೆವು. ಸ್ಟಿಕ್ಕರ್ ಪಕ್ಕದಲ್ಲಿ ಮಾರ್ಕರ್‌ನಿಂದ ದಿನಾಂಕ, 350 ಗ್ರಾಂ, ಓ-ರಿಂಗ್ ಬದಲಿಸಿದ ಜಾಗ ಬರೆದೆ. ಮುಂದೆ ಯಾವ ಗ್ಯಾರೇಜಿಗೆ ಹೋದರೂ ಮೊದಲು ಇದನ್ನು ತೋರಿಸು ಎಂದೆ.

ದೀಪಾವಳಿಗೆ ಹೋದಾಗ ಗೇಜ್ ಒಯ್ಯಲಿಲ್ಲ. 50 ಗ್ರಾಂ ಹೋಗಿದ್ದರೂ ಅದು ತೋರಿಸಲಾರದು ಎಂದು ನಮ್ಮದೇ ಅಂಕಿಗಳು ಹೇಳಿದ್ದವಲ್ಲ. ಸೋಪಿನ ನೀರನ್ನಷ್ಟೇ ಬ್ಲಾಕಿಗೂ ಲೋ ಸೈಡ್ ಪಿನ್ನಿಗೂ ಹಚ್ಚಿದೆ. ನೊರೆ ಏಳಲಿಲ್ಲ, ಜಿಡ್ಡೂ ಕಟ್ಟಿರಲಿಲ್ಲ, ದಪ್ಪ ಪೈಪು ಚೆನ್ನಾಗಿ ಬೆವರುತ್ತಿತ್ತು. ಬೋಲ್ಟಿನ ತಲೆಗೆ ಇನ್ನೊಂದಿಷ್ಟು ಗ್ರೀಸ್ ಬಳಿದು ಬಾನೆಟ್ ಹಾಕಿದೆ.